ಅಣ್ಣ ಬೆಸುಗೆ ಹಾಕಿದ ಡಿಫರೆನ್ಷಿಯಲ್

ಮಲವಗೊಪ್ಪ ದಾಟಿದ ಮೇಲೆ ಫೋನು ಬಂತೆಂದು ಕಾರನ್ನು ರಸ್ತೆಯ ಎಡಕ್ಕೆ ತೆಗೆದು ನಿಲ್ಲಿಸಿದೆ. ಮಳೆ ಆಗಷ್ಟೇ ನಿಂತಿತ್ತು. ಎಡಗಡೆಯ ಎರಡು ಚಕ್ರ ಕೆಂಪು ಕೆಸರಿನಲ್ಲಿ, ಬಲಗಡೆಯ ಎರಡು ಟಾರಿನ ಮೇಲೆ. ಪಕ್ಕದ ಸೀಟಿನಲ್ಲಿ ಅಣ್ಣ ಕೂತಿದ್ದ. ಭದ್ರಾವತಿಯಿಂದ ನನ್ನ ಜೊತೆ ಶಿವಮೊಗ್ಗಕ್ಕೆ ಹೊರಟಿದ್ದ, ಗಾಂಧಿ ಬಜಾರಿನಲ್ಲಿ ಅವನಿಗೇನೋ ಕೆಲಸವಿತ್ತು. ಮಾತು ಮುಗಿಸಿ ಕನ್ನಡಿ ನೋಡಿದೆ. ಬಸ್ಸು ದೂರದಲ್ಲಿತ್ತು. ಗೇರು ಹಾಕಿ ರಸ್ತೆಗೆ ಮೂಗು ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಕೂಗಿತು, ಹಿಂದಿನ ಎಡಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗಿತು, ಕಾರು ಮಾತ್ರ ಮುದುಕರು ಮೆಟ್ಟಿಲು ಹತ್ತುವ ಹಾಗೆ ರಸ್ತೆಯ ಮೇಲೆ ಅಡ್ಡಡ್ಡ ಹತ್ತಿತು. ಬಸ್ಸಿನವನು ಹಾರನ್ ಒತ್ತಿದವನು ಬಿಡಲೇ ಇಲ್ಲ. ನಮ್ಮ ಬಂಪರನ್ನು ಸವರಿದಂತೆ ಪಕ್ಕಕ್ಕೆ ಎಳೆದುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ತಾಯಿಯನ್ನು ನೆನಪಿಸಿಕೊಂಡು ಹೋದ.

ಅಣ್ಣ ಬಸ್ಸು ಮರೆಯಾಗುವ ತನಕ ನೋಡಿ, "ಹೆಂಗಸರ ಕಾಲಿಗೆ ಈ ಇಂಜಿನ್ ಕೊಟ್ಟಿದ್ದು ನನ್ನ ತಪ್ಪು" ಎಂದ.

"ಕಾಲಿಂದಲ್ಲ ಅಣ್ಣ, ಡಿಫರೆನ್ಷಿಯಲ್‌ದು."

"ಗಾಡಿ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿಲ್ದೇ ಇರೋರು ಡಿಫರೆನ್ಷಿಯಲ್ ಬಗ್ಗೆ ಮಾತಾಡ್ಬಾರ್ದು ಮಾರಾಯ್ತಿ."

ಮೂವತ್ತು ವರ್ಷದಿಂದ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿರುವವಳು ನಾನು. ನನ್ನೆದುರು ಹಾಗೆ ಮಾತಾಡುವ ಧೈರ್ಯ ನನ್ನ ಗಂಡನಿಗಿಲ್ಲ. ಅಣ್ಣನಿಗೆ ಅದು ಹುಟ್ಟಿನಿಂದಲೇ ಬಂದದ್ದು.

ಕಾರು ಅಪ್ಪನದು. ಭದ್ರಾವತಿಯ ಕಾರ್ಖಾನೆಯಲ್ಲಿ ಲೆಕ್ಕಪತ್ರದ ವಿಭಾಗದಲ್ಲಿದ್ದ ಅಪ್ಪ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಉದ್ದ ಬಾನೆಟ್ಟು, ಅಗಲ ಸೀಟು. ಇಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ನನಗೂ ಅಣ್ಣನಿಗೂ ಅದರಲ್ಲೇ ಡ್ರೈವಿಂಗ್ ಕಲಿಸಿದರು. ಅಪ್ಪ ಹೋಗುವ ಹಿಂದಿನ ವರ್ಷ ಕಾರನ್ನು ನನ್ನ ಹೆಸರಿಗೆ ಮಾಡಿಸಿದರು. ಅಣ್ಣನಿಗೆ ಅದು ಸಿಗಬೇಕಿತ್ತು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು, ಅಣ್ಣನೂ ಅಂದುಕೊಂಡಿದ್ದ. ಅವನು ಅದೇ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿದವನು, ಕಬ್ಬಿಣದ ಜೊತೆ ಮಾತಾಡುವವನು. ಅಪ್ಪ ಕೀ ನನ್ನ ಕೈಗೆ ಹಾಕುವಾಗ, "ಅವನು ಬಿಚ್ಚಿಡ್ತಾನೆ, ಇವಳು ಓಡಿಸ್ತಾಳೆ" ಎಂದಿದ್ದರು. ಆ ಮಾತು ಅಣ್ಣನಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದರು. ಅಪ್ಪನಿಗೂ ಒಂದು ಕ್ರೂರ ಬುದ್ಧಿ ಇತ್ತು, ಅದು ನಮ್ಮಿಬ್ಬರಿಗೂ ಪಾಲಾಗಿ ಬಂದಿದೆ.

ಆದರೂ ಹಳೆಯ ಇಂಜಿನ್ ಹೊಗೆ ಉಗುಳಲು ಶುರುಮಾಡಿದಾಗ ಅಣ್ಣನೇ ಮುಂದೆ ಬಂದ. ಎಲ್ಲಿಂದಲೋ ಒಂದು ದೊಡ್ಡ ಇಂಜಿನ್ ತಂದು, ಭದ್ರಾವತಿ ನ್ಯೂಟೌನಿನ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಬೇಸಿಗೆ ಪೂರ್ತಿ ಕೂತು, ಅದನ್ನು ಕಟ್ಟಿ ನನ್ನ ಕಾರಿಗೆ ಇಳಿಸಿದ. ಅಗಲದ ಟೈರು ಹಾಕಿದ, ಬ್ರೇಕು ಬದಲಾಯಿಸಿದ. ನಾನು ಬೇಡವೆನ್ನಲಿಲ್ಲ. ಅಂದಿನಿಂದ ಆ ಕಾರು ಶಿವಮೊಗ್ಗದ ಹುಡುಗರ ಹೊಸ ಗಾಡಿಗಳನ್ನು ಹಿಂದೆ ಹಾಕುವಷ್ಟು ಓಡತೊಡಗಿತು. ಭಾನುವಾರ ಬೆಳಿಗ್ಗೆ ಹೊಳಲೂರಿನ ಕಡೆ ಖಾಲಿ ರಸ್ತೆಯಲ್ಲಿ ಅದನ್ನು ಬಿಟ್ಟಾಗ ಸಿಗುವ ಸುಖವನ್ನು ನಾನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಆದರೆ ಅಂದಿನಿಂದ ಅಣ್ಣನ ಬಾಯಲ್ಲಿ ಅದು "ನಮ್ಮ ಗಾಡಿ" ಆಯಿತು, ಆಮೇಲಾಮೇಲೆ "ನನ್ನ ಗಾಡಿ" ಆಯಿತು. ಯಾರಾದರೂ ಹೊಗಳಿದರೆ, "ನಂದೇ, ಅವಳು ಓಡಿಸ್ತಾಳೆ" ಎನ್ನುತ್ತಿದ್ದ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಡಿಫರೆನ್ಷಿಯಲ್ಲಿನ ಕತೆ ಇಷ್ಟೇ. ಕಾರು ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಯಾವುದಾದರೊಂದು ಉಜ್ಜಿಕೊಂಡು ಹೋಗಬೇಕಾಗುತ್ತದೆ. ಅದಕ್ಕಾಗಿ ಹಿಂದಿನ ಆಕ್ಸಲ್ಲಿನ ನಡುವೆ ನಾಲ್ಕು ಪುಟ್ಟ ಗೇರುಗಳನ್ನಿಟ್ಟು ಎರಡು ಚಕ್ರಗಳಿಗೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಇರುವುದು ಇದೇ, ಇದನ್ನು ಓಪನ್ ಎನ್ನುತ್ತಾರೆ. ಇದರ ರೋಗವೆಂದರೆ, ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಶಕ್ತಿಯೆಲ್ಲ ಅಲ್ಲೇ ಪೋಲಾಗುತ್ತದೆ. ಹಿಡಿತವಿರುವ ಚಕ್ರ ಸುಮ್ಮನೆ ನಿಂತು ನೋಡುತ್ತದೆ. ಅಪ್ಪನ ಹಳೆಯ ಇಂಜಿನ್ನಿಗೆ ಅದು ಸಾಕಿತ್ತು. ಅಣ್ಣ ಕಟ್ಟಿದ ಇಂಜಿನ್ನಿಗೆ ಸಾಲದು. ಮಳೆಗಾಲದಲ್ಲಿ ಪ್ರತಿ ತಿರುವಿನ ಕೊನೆಗೂ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಇದು ಅಣ್ಣನಿಗೂ ಗೊತ್ತಿತ್ತು. ಒಪ್ಪಿಕೊಂಡರೆ ತಾನು ಮಾಡಿದ ಕೆಲಸ ಅರ್ಧಕ್ಕೇ ನಿಂತಿದೆಯೆಂದು ಒಪ್ಪಿದ ಹಾಗೆ.

ಬಸ್ಸಿನ ಪ್ರಸಂಗವಾದ ವಾರ ನಾನು ಸಾಗರ ರಸ್ತೆಯ ಕಡೆ ಒಂದು ಗ್ಯಾರೇಜಿಗೆ ಹೋದೆ. ರಜೆಯ ದಿನವಾದ್ದರಿಂದ ಗಂಡನೂ ಜೊತೆಗೆ ಬಂದಿದ್ದರು. ಅವರು ಬ್ಯಾಂಕಿನವರು, ಸ್ಕೂಟರ್ ಕೂಡ ಓಡಿಸುವುದಿಲ್ಲ. ಗ್ಯಾರೇಜಿನವನು ನನ್ನನ್ನು ದಾಟಿಕೊಂಡು ಅವರ ಮುಂದೆ ಹೋಗಿ ನಿಂತ.

"ಏನ್ ಪ್ರಾಬ್ಲಮ್ಮು ಸಾರ್?"

"ಗಾಡಿ ಅವರದ್ದು. ಅವರನ್ನೇ ಕೇಳಿ."

ನಾನು ಹೇಳಿದೆ. ಅವನು ನನ್ನ ಮಾತನ್ನು ಅವರ ಮುಖ ನೋಡುತ್ತಾ ಕೇಳಿಸಿಕೊಂಡ. ಕೇಳಿಸಿಕೊಂಡು, "ಮೇಡಮ್‌ಗೆ ಇದೆಲ್ಲ ಯಾಕೆ ಸಾರ್, ಒಂದು ಸಣ್ಣ ಆಟೋಮ್ಯಾಟಿಕ್ ಗಾಡಿ ತೆಗೆಸಿಕೊಡಿ" ಎಂದ.

ನನ್ನ ಗಂಡ ನಕ್ಕರು. ಆ ನಗುವಿಗೆ ಅವರು ಮನೆಯಲ್ಲಿ ಎರಡು ದಿನ ತಣ್ಣನೆಯ ಊಟ ಮಾಡಿದರು. ಗ್ಯಾರೇಜಿನವನಿಗೆ ನಾನು ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ. ಆ ಬಸ್ಸಿನವನಿಂದ ಕಲಿತದ್ದೆಂದು ಇಟ್ಟುಕೊಳ್ಳಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರ್‍ಯಾಲಿಗಳಲ್ಲಿ ಓಡುವವನು. ಕೊಯಮತ್ತೂರಿನಲ್ಲಿ ಡಿಫರೆನ್ಷಿಯಲ್ ಕಟ್ಟುವವರೊಬ್ಬರ ನಂಬರನ್ನು ಅವನು ಕೊಟ್ಟ. ಫೋನ್ ಮಾಡಿದೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ತಮಿಳು ಯಾರೂ ಕಲಿಸಬೇಕಾಗಿಲ್ಲ, ನಲ್ಲಿಯ ಸಾಲಿನಲ್ಲೇ ಬಂದುಬಿಡುತ್ತದೆ. ಆ ಮನುಷ್ಯ ಒರಟ. ನಮಸ್ಕಾರವೂ ಇಲ್ಲ, ಯಾರು ಏನು ಎಂಬ ವಿಚಾರವೂ ಇಲ್ಲ. ನೇರ ಪ್ರಶ್ನೆ.

"ಗಾಡಿ ರೇಸಿಗಾ, ರೋಡಿಗಾ?"

"ರೋಡಿಗೆ. ದಿನಾ ಕಾಲೇಜಿಗೆ ಹೋಗ್ತೀನಿ."

"ಬಂಡೆ, ಹಳ್ಳ ಹತ್ತಿಸ್ತೀರಾ? ಚಕ್ರ ನೆಲ ಬಿಟ್ಟು ಏಳುತ್ತಾ?"

"ಇಲ್ಲ."

"ಹಾಗಿದ್ರೆ ಎರಡೂ ಚಕ್ರ ಒಟ್ಟಿಗೆ ಬಿಗಿದುಬಿಡೋ ಲಾಕರ್ ಬೇಡ. ಅದು ಜೀಪಿನವರಿಗೆ. ಊರೊಳಗೆ ಟಕ್ ಟಕ್ ಅಂತ ಹೊಡ್ಕೊಳ್ಳುತ್ತೆ, ಮಳೇಲಿ ಯಾವಾಗ ಹಿಡಿಯುತ್ತೆ ಯಾವಾಗ ಬಿಡುತ್ತೆ ಗೊತ್ತಾಗಲ್ಲ. ಇನ್ನು ಎರಡು ಥರ ಇದೆ. ಒಂದು ಕ್ಲಚ್ ಪ್ಲೇಟ್ ಇರೋದು. ಚೆನ್ನಾಗಿ ಹಿಡಿಯುತ್ತೆ. ಆದ್ರೆ ಪ್ಲೇಟ್ ಸವೆಯುತ್ತೆ, ಅದಕ್ಕೆ ಬೇರೆ ಎಣ್ಣೆ ಬೇಕು, ಎಣ್ಣೆ ತಪ್ಪಿದ್ರೆ ನಿಧಾನವಾಗಿ ತಿರುಗುವಾಗ ಒದರುತ್ತೆ. ಆಗಾಗ ಬಿಚ್ಚಿ ಕಟ್ಟಬೇಕು. ನಿಮ್ಮ ಊರಲ್ಲಿ ಬಿಚ್ಚಿ ಕಟ್ಟೋರು ಇದಾರಾ?"

"ಒಬ್ಬ ಇದಾನೆ. ನಮ್ಮಣ್ಣ."

"ಅವರ ಹತ್ರ ಮಾಡಿಸ್ತೀರಾ?"

"ಇಲ್ಲ" ಎಂದೆ.

"ಹಾಗಾದ್ರೆ ಬರೀ ಗೇರಿಂದು ತಗೊಳ್ಳಿ. ಓರೆ ಹಲ್ಲಿನ ಗೇರು. ಪ್ಲೇಟ್ ಇಲ್ಲ, ಸಾಮಾನ್ಯ ಗೇರ್ ಆಯಿಲ್ ಸಾಕು, ಸದ್ದು ಇಲ್ಲ. ಒಂದು ಚಕ್ರ ಜಾರೋಕೆ ಶುರುವಾದ್ರೆ ಶಕ್ತಿ ಇನ್ನೊಂದಕ್ಕೆ ತಳ್ಳುತ್ತೆ. ಚಕ್ರ ಪೂರ್ತಿ ಗಾಳೀಲಿ ಇದ್ರೆ ಮಾತ್ರ ಕೆಲಸ ಮಾಡಲ್ಲ. ಆಮೇಲೆ ನನಗೆ ಫೋನ್ ಮಾಡಿ ಬೈಬೇಡಿ. ಆಕ್ಸಲ್ ತುದೀಲಿ ಎಷ್ಟು ಹಲ್ಲಿದೆ ಎಣಿಸಿ ಹೇಳಿ."

ನನ್ನ ಜೀವನದಲ್ಲಿ ಯಾವ ಗಂಡಸೂ ನನ್ನ ಕಾರಿನ ಬಗ್ಗೆ ನನ್ನ ಹತ್ತಿರ ಇಷ್ಟು ಉದ್ದ ಮಾತಾಡಿರಲಿಲ್ಲ.

ಹಲ್ಲು ಎಣಿಸಲು ಆಕ್ಸಲ್ ಎಳೆಯಬೇಕು. ಅದಕ್ಕೆ ಬೇಕಾದ ಪುಲ್ಲರ್ ಇದ್ದದ್ದು ಅಣ್ಣನ ಶೆಡ್ಡಿನಲ್ಲಿ. ಹೋಗಿ ಕೇಳಿದೆ. ಅಣ್ಣ ಚಾಪೆಯ ಮೇಲೆ ಕೂತು ಯಾವುದೋ ಪಂಪಿನ ಶಾಫ್ಟನ್ನು ಉಜ್ಜುತ್ತಿದ್ದ.

"ಕಬ್ಬಿಣ ಕರಗಿಸೋ ಊರಲ್ಲಿ ಹುಟ್ಟಿ ಕೊಯಮತ್ತೂರಿಂದ ಕಬ್ಬಿಣ ತರಿಸ್ತೀಯಾ?"

"ಇಲ್ಲಿ ಈ ಥರದ್ದು ಮಾಡೋರು ಯಾರಿದಾರೆ?"

"ನಾನು ಸತ್ತಿಲ್ಲ ಇನ್ನೂ."

"ಹಾಗಾದ್ರೆ ನೀನೇ ಹೇಳು, ಯಾವುದು ಹಾಕ್ಬೇಕು?"

"ಒಳಗಿನ ಆ ಪುಟ್ಟ ಸ್ಪೈಡರ್ ಗೇರುಗಳಿಗೆ ವೆಲ್ಡ್ ಹೊಡೆದ್ರೆ ಆಯ್ತು. ಎರಡೂ ಚಕ್ರ ಒಟ್ಟಿಗೆ ತಿರುಗ್ತವೆ. ಹತ್ತು ರಾಡ್ ಸಾಕು."

ರೇಸಿನ ಮೈದಾನದಲ್ಲಿ ಹಾಗೆ ಮಾಡುತ್ತಾರೆಂದು ನನಗೂ ಗೊತ್ತಿತ್ತು. ಊರೊಳಗೆ, ದಿನವೂ ಮಕ್ಕಳು ಸೈಕಲ್ಲಿನಲ್ಲಿ ಅಡ್ಡ ಬರುವ ರಸ್ತೆಯಲ್ಲಿ, ಮಳೆಯಲ್ಲಿ? "ವೆಲ್ಡ್ ಮಾಡಿದ್ರೆ ಗಾಡಿ ತಿರುಗೋದೇ ಇಲ್ಲ ಅಣ್ಣ. ತಿರುಗಿದ್ರೆ ಹಿಂದಿಂದ ತಿರುಗುತ್ತೆ. ನನಗೆ ಬೇಡ. ಹಲ್ಲೆಷ್ಟಿದೆ ನೋಡಿ ಹೇಳು ಸಾಕು" ಎಂದೆ. ಅವನು ಜಗಳಕ್ಕೆ ಬರಲಿಲ್ಲ. "ಆಯ್ತು, ಬಿಟ್ಟು ಹೋಗು, ಶನಿವಾರ ಬಾ" ಎಂದ. ಅತ್ತಿಗೆ ಕಾಫಿ ತಂದುಕೊಟ್ಟು ಅವನ ಮುಖವನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. ಅಣ್ಣ ಅಷ್ಟು ಸುಲಭವಾಗಿ ಆಯ್ತು ಎಂದದ್ದು ಅವರಿಗೂ ಹೊಸದು.

ಹಲ್ಲಿನ ಲೆಕ್ಕವನ್ನು ಫೋನಿನಲ್ಲೇ ಹೇಳಿದ. ನಾನು ಕೊಯಮತ್ತೂರಿಗೆ ತಿಳಿಸಿದೆ. ಶನಿವಾರ ಹೋದಾಗ ಕಾರು ತೊಳೆದು ಗೇಟಿನ ಮುಂದೆ ನಿಂತಿತ್ತು. ಕೀ ತೆಗೆದುಕೊಂಡು ಹೊರಟೆ. ಅವನ ಬೀದಿಯ ಕೊನೆಯಲ್ಲಿ ಬಲಕ್ಕೆ ತಿರುಗಿಸಿದರೆ ಸ್ಟಿಯರಿಂಗು ಕಲ್ಲಾಯಿತು. ಹಿಂದಿನ ಟೈರು ಕೀಂಯ್ ಎಂದು ಕಿರುಚಿತು. ಕಾರು ತಿರುಗುವ ಬದಲು ಎದುರಿನ ಮನೆಯ ಕಾಂಪೌಂಡಿನ ಕಡೆ ಹೋಯಿತು. ಆ ಮನೆಯ ಹೆಂಗಸು ರಂಗೋಲಿ ಬಿಟ್ಟು ಎದ್ದು ನಿಂತಳು. ನಾನು ಬ್ರೇಕು ಒತ್ತಿ ಹಾಗೇ ಕೂತೆ. ಏನಾಗಿದೆಯೆಂದು ತಿಳಿಯಲು ಇಳಿದು ನೋಡಬೇಕಿರಲಿಲ್ಲ. ಸಿಟ್ಟಿನಲ್ಲೇ ರಿವರ್ಸ್ ಹಾಕಿ, ಟೈರು ಕಿರುಚುತ್ತಲೇ, ಅವನ ಗೇಟಿನ ತನಕ ಹಿಂದಕ್ಕೆ ತಂದೆ.

ಅಣ್ಣ ಹೊರಗೇ ನಿಂತಿದ್ದ. ಕಾಯುತ್ತಿದ್ದನೆಂದು ಕಾಣುತ್ತದೆ.

"ವೆಲ್ಡ್ ಮಾಡಿದೀಯಾ?"

"ಮಾಡಿದೀನಿ. ಓಡಿಸಿ ನೋಡಿ ಆಮೇಲೆ ಮಾತಾಡು."

"ಬೇಡ ಅಂತ ಹೇಳಿದ್ದೆ. ನನ್ನ ಗಾಡಿ ಇದು."

"ಇಂಜಿನ್ ಯಾರದ್ದು?"

"ಅದನ್ನ ನನ್ನ ಗಾಡಿಗೆ ಹಾಕಿದೀಯ."

"ಹಾಕಿದ್ದಕ್ಕೇ ಹೇಳ್ತಿರೋದು. ನನ್ನ ಇಂಜಿನ್ನಿನ ಶಕ್ತಿ ಯಾವ ಚಕ್ರಕ್ಕೆ ಹೋಗ್ಬೇಕು ಅಂತ ಕೊಯಮತ್ತೂರಿನವನು ಹೇಳೋದು ಬೇಡ." ಬಾಗಿಲು ತೆಗೆದು, "ಆ ಕಡೆ ಕೂತ್ಕೋ. ನಿಮ್ಮನೆ ತನಕ ನಾನೇ ಓಡಿಸ್ತೀನಿ. ನಿಂಗೆ ಬರಲ್ಲ ಅಂತ ಗೊತ್ತಾಗ್ಲಿ" ಎಂದ.

ನಾನು ಆ ಕಡೆ ಕೂತೆ. ಅವನು ಸೋಲುವುದನ್ನು ನೋಡಬೇಕೆನ್ನುವ ಆಸೆ ಅಷ್ಟಿತ್ತು.

ಹೆದ್ದಾರಿಯಲ್ಲಿ ಅವನೇ ಗೆದ್ದ. ನೇರ ರಸ್ತೆಯಲ್ಲಿ ಕಾರು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೋಯಿತು. ಮಾಚೇನಹಳ್ಳಿಯ ಹತ್ತಿರ ಬೇಕೆಂದೇ ಎಡಚಕ್ರಗಳನ್ನು ಕೆಸರಿಗೆ ಇಳಿಸಿ ನಿಲ್ಲಿಸಿ, ಒಂದೇ ಏಟಿಗೆ ಎತ್ತಿದ. ಒಂದು ಚೂರೂ ಜಾರಲಿಲ್ಲ. ನನ್ನ ಕಡೆ ತಿರುಗಿ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಸೇತುವೆ ದಾಟಿ ಶಿವಮೊಗ್ಗದೊಳಗೆ ಬಂದ ಮೇಲೆ ಮಾತ್ರ ಅವನ ಕುತ್ತಿಗೆಯಲ್ಲಿ ಬೆವರು ಕಾಣಿಸಿತು. ಪ್ರತಿ ತಿರುವಿನಲ್ಲೂ ಟೈರು ಕಿರುಚುವುದು, ಜನ ತಿರುಗಿ ನೋಡುವುದು. ಗಾಂಧಿ ಬಜಾರಿನ ಬಾಯಲ್ಲಿ ಒಬ್ಬ ಆಟೋದವನು, "ಕ್ಯಾ ಭಾಯ್, ಹಂದಿ ಕೊಯ್ತಿದೀರಾ?" ಎಂದು ಕೇಳಿದ. ಅಣ್ಣ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಎಳೆಯುತ್ತಿದ್ದ.

ನಮ್ಮ ಮನೆ ಆಲ್ಕೊಳದಲ್ಲಿ. ಸರ್ಕಲ್ಲಿಗೆ ಬರುವಷ್ಟರಲ್ಲಿ ಸಣ್ಣ ಹನಿ ಶುರುವಾಗಿತ್ತು, ರಸ್ತೆ ಮಿಂಚುತ್ತಿತ್ತು. "ನಿಧಾನ" ಎಂದೆ. ಆ ಒಂದು ಮಾತನ್ನು ಹೇಳಬಾರದಿತ್ತೋ ಏನೋ, ಅವನು ಸರ್ಕಲ್ಲಿನೊಳಗೆ ಆಕ್ಸಿಲರೇಟರ್ ಒತ್ತಿದ. ಹಿಂದಿನ ಎರಡೂ ಚಕ್ರ ಒಮ್ಮೆಲೇ ಹಿಡಿತ ಬಿಟ್ಟವು. ಒಂದು ಚಕ್ರ ಜಾರಿದರೆ ಇನ್ನೊಂದು ಹಿಡಿದುಕೊಂಡಿರುತ್ತದೆ. ಎರಡನ್ನೂ ಬೆಸೆದ ಮೇಲೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಕಾರಿನ ಹಿಂಭಾಗ ಎಡಕ್ಕೆ ಬೀಸಿಕೊಂಡು ಹೋಯಿತು. ಎಡಗಡೆಯಿಂದ ಬರುತ್ತಿದ್ದ ಸ್ಕೂಟರಿನ ಹುಡುಗಿ ಬ್ರೇಕು ಹಾಕಿ ಕಾಲೂರಿ ನಿಂತಳು. ಅವಳಿಗೂ ನಮ್ಮ ಡಿಕ್ಕಿಗೂ ನಡುವೆ ಉಳಿದದ್ದು ಒಂದು ಮಾರು ಜಾಗ. ಹಿಂದಿನ ಎಡಚಕ್ರ ಫುಟ್‌ಪಾತಿನ ಕಲ್ಲಿಗೆ ಹೊಡೆಯಿತು. ಒಣ ಕೊಂಬೆ ಮುರಿದ ಹಾಗೆ ಕೆಳಗಿನಿಂದ ಒಂದು ಸದ್ದು ಬಂತು. ಕಾರು ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು.

ಫುಟ್‌ಪಾತಿನಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು ಮೊದಲು ಬೈದಳು. ಆಮೇಲೆ ಸ್ಕೂಟರಿನ ಹುಡುಗಿ ಬೈದಳು. ಅವಳು ನನ್ನ ಹಿಂದಿನ ವರ್ಷದ ಕ್ಲಾಸಿನವಳು. ನನ್ನನ್ನು ನೋಡಿ, "ಮಿಸ್, ನೀವಾ?" ಎಂದು ಸುಮ್ಮನಾದಳು. ಬೈಗುಳಕ್ಕಿಂತ ಅದು ಹೆಚ್ಚು ತಾಗಿತು.

ಅಣ್ಣ ಇಳಿದು ಚಕ್ರವನ್ನು ನೋಡಿದ. ರಿಮ್ ಬಗ್ಗಿತ್ತು. ಎದ್ದು ನಿಂತು, "ಟೈರು ಸರಿ ಇಲ್ಲ" ಎಂದ.

ಅದನ್ನು ಕೇಳಿ ನನಗೆ ನಗು ಬಂತು. ಒಳ್ಳೆಯ ನಗು ಅಲ್ಲ ಅದು.

ಮನೆ ಅಲ್ಲಿಂದ ಹತ್ತಿರ. ಅವನು ಮತ್ತೆ ಕೂತು ಗೇರು ಹಾಕಿದ. ಎಡಗಡೆಯ ಆಕ್ಸಲ್ ಒಳಗೇ ಮುರಿದಿತ್ತು, ಆದರೂ ಕಾರು ಬಲಚಕ್ರವೊಂದರ ಮೇಲೆ ಕುಂಟುತ್ತಾ ಚಲಿಸಿತು. ನಮ್ಮ ಗೇಟಿನೊಳಗೆ ನಿಲ್ಲಿಸಿ ಇಳಿದು ಅವನು ಹೇಳಿದ: "ನೋಡು. ಓಪನ್ ಆಗಿದ್ದಿದ್ರೆ ಆಕ್ಸಲ್ ಮುರಿದ ಜಾಗದಲ್ಲೇ ನಿಂತಿರ್ತಿತ್ತು. ವೆಲ್ಡ್ ಆಗಿದ್ದಕ್ಕೆ ಮನೆ ಸೇರಿದ್ವಿ."

ಆ ಮಾತು ನಿಜ. ಫಿಸಿಕ್ಸ್ ಹಾಗೆಯೇ ಹೇಳುತ್ತದೆ. ಅದು ನಿಜವಾಗಿದ್ದದ್ದೇ ನನಗೆ ತಡೆಯಲಾಗಲಿಲ್ಲ.

"ಕೀ ಕೊಡು. ಇನ್ನು ಮೇಲೆ ಈ ಗಾಡಿ ಮುಟ್ಬೇಡ."

ಕೀಯನ್ನು ಬಾನೆಟ್ಟಿನ ಮೇಲಿಟ್ಟು, ಮಳೆಯಲ್ಲೇ ಬಸ್‌ಸ್ಟಾಪಿನ ಕಡೆ ನಡೆದ. ಕೊಡೆ ಕೊಡಲೇ ಎಂದು ಗಂಡ ಕೇಳಿದರು. ಬೇಡವೆಂದೆ.

ಕೊಯಮತ್ತೂರಿನ ಪೆಟ್ಟಿಗೆ ಬಂದಾಗ ಕಾರು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಜೊತೆಗೆ ಹೊಸ ಆಕ್ಸಲ್ ಜೋಡಿಯನ್ನೂ ತರಿಸಿದ್ದೆ. ಆ ಗ್ಯಾರೇಜಿಗೆ ಹೋಗುವ ಮನಸ್ಸಿರಲಿಲ್ಲ, ದಸರಾ ರಜೆ ಶುರುವಾಗಿತ್ತು. ನಾನೇ ಕೂರಿಸುತ್ತೇನೆ ಎಂದು ತೀರ್ಮಾನಿಸಿದೆ. ಗಂಡ ಹಳೆಯ ಪಂಚೆಗಳನ್ನು ಒರೆಸಲು ತಂದುಕೊಟ್ಟರು. ಈ ಕಾರಿನಲ್ಲಿ ಡಿಫರೆನ್ಷಿಯಲ್ಲಿನ ಬುರುಡೆಯನ್ನು ಮುಂಭಾಗದಿಂದ ಹಾಗೇ ಇಡಿಯಾಗಿ ಹೊರಗೆ ತೆಗೆಯಬಹುದು. ತೆಗೆದು ಊಟದ ಮೇಜಿನ ಮೇಲಿಟ್ಟೆ. ಅಣ್ಣನ ವೆಲ್ಡಿಂಗ್ ಒಳಗೆ ಕಾಣಿಸಿತು. ಹೊಲಿಗೆ ಹಾಕಿದ ಹಾಗೆ ಒಂದೇ ಸಮ, ಎಲ್ಲೂ ಗಂಟಿಲ್ಲ. ಇಷ್ಟು ಚೆನ್ನಾಗಿ ಮಾಡಿದ್ದಾನಲ್ಲ ಎಂದು ಮತ್ತಷ್ಟು ಸಿಟ್ಟು ಬಂತು.

ಹೊಸದನ್ನು ಹಳೆಯ ಕ್ರೌನ್ ವೀಲಿಗೆ, ಅಂದರೆ ದೊಡ್ಡ ಗೇರಿಗೆ, ಬಿಗಿದು ಕೂರಿಸುವುದು ಕಷ್ಟವಲ್ಲ. ಕಷ್ಟವಿರುವುದು ಅಂತರ ಹಿಡಿಯುವುದರಲ್ಲಿ. ಕ್ರೌನ್ ವೀಲಿನ ಹಲ್ಲು ಅದನ್ನು ತಿರುಗಿಸುವ ಸಣ್ಣ ಪಿನಿಯನ್ನಿನ ಹಲ್ಲಿಗೆ ಕೂದಲೆಳೆಯಷ್ಟು ಸಡಿಲ ಬಿಟ್ಟು ಕೂರಬೇಕು. ಬಿಗಿಯಾದರೆ ಕಾಯುತ್ತದೆ, ಸಡಿಲವಾದರೆ ಊಳಿಡುತ್ತದೆ. ಅಳೆಯಲು ಡಯಲ್ ಗೇಜ್ ಬೇಕು. ನನ್ನಲ್ಲಿರಲಿಲ್ಲ. ಆ ರಾತ್ರಿ ಫೋನಿನಲ್ಲಿ ಅತ್ತಿಗೆಯ ಹತ್ತಿರ ಅದನ್ನು ಹೇಳಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಅತ್ತಿಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದರು. ಕೈಚೀಲದಿಂದ ಬಾಳೆಹಣ್ಣು ತೆಗೆದರು, ಆಮೇಲೆ ಟವೆಲಿನಲ್ಲಿ ಸುತ್ತಿದ್ದ ಡಯಲ್ ಗೇಜನ್ನು ತೆಗೆದರು.

"ಅವನು ಕೊಟ್ಟು ಕಳಿಸಿದ್ನಾ?" ಎಂದೆ.

"ಅವರೆಲ್ಲಿ ಕೊಡ್ತಾರೆ. ಸ್ನಾನಕ್ಕೆ ಹೋಗಿದ್ರು, ಎತ್ಕೊಂಡು ಬಂದೆ."

"ಗೊತ್ತಾದ್ರೆ?"

"ಗೊತ್ತಾಗ್ಲಿ. ಮದುವೆಯಾದಾಗಿಂದ ನನ್ನ ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಜಾಗ ಇಲ್ಲ. ಎಲ್ಲ ಕಡೆ ಕಬ್ಬಿಣ. ಒಂದು ಕಬ್ಬಿಣ ಕಮ್ಮಿ ಆದ್ರೆ ಭೂಮಿ ಮುಳುಗಲ್ಲ." ಸೆರಗು ಸಿಕ್ಕಿಸಿಕೊಂಡು, "ನಾನೆಂತ ಹಿಡೀಬೇಕು ಹೇಳು" ಎಂದರು.

ಅವರು ಟಾರ್ಚ್ ಹಿಡಿದರು, ನಾನು ಹೇಳಿದಾಗ ಪಿನಿಯನ್ ತಿರುಗಿಸಿದರು. ಹಲ್ಲುಗಳ ಮೇಲೆ ಎಣ್ಣೆಯಲ್ಲಿ ಕಲಸಿದ ಕೆಂಪು ಸಿಂಧೂರ ಹಚ್ಚಿ ತಿರುಗಿಸಿದರೆ, ಒಂದಕ್ಕೊಂದು ಎಲ್ಲಿ ತಾಗುತ್ತದೆಂದು ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಬೀಳಬೇಕು. ನಮ್ಮದು ತುದಿಗೆ ಬೀಳುತ್ತಿತ್ತು. ಅಂತರ ಹೊಂದಿಸುವ, ತಗಡಿನಷ್ಟು ತೆಳ್ಳಗಿನ ಷಿಮ್‌ಗಳನ್ನು ಆ ಕಡೆ ಈ ಕಡೆ ಬದಲಾಯಿಸುತ್ತಾ ಮಧ್ಯಾಹ್ನ ಕಳೆಯಿತು. ಗುರುತು ನಡುವಿನ ಹತ್ತಿರ ಬಂದಿತೆಂದು ಅನಿಸಿದಾಗ ಕಾರಿಗೆ ಏರಿಸಿದೆವು. ಹಿಂದಿನ ಚಕ್ರಗಳು ನೆಲದಿಂದ ಮೇಲಿರುವಾಗಲೇ ಇಂಜಿನ್ ಶುರುಮಾಡಿ ಗೇರು ಹಾಕಿದೆ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅಣ್ಣ. ಅತ್ತಿಗೆಯನ್ನು ನೋಡಿದ, ಅವರ ಕೆಂಪು ಕೈಗಳನ್ನು ನೋಡಿದ, ಮೆಟ್ಟಿಲ ಮೇಲಿದ್ದ ತನ್ನ ಗೇಜನ್ನು ನೋಡಿದ.

"ನನ್ನ ಮನೇಲಿ ಕಳ್ಳತನ ಮಾಡಿಸೋ ಮಟ್ಟಕ್ಕೆ ಬಂದ್ಯಾ?" ಎಂದು ನನ್ನನ್ನು ಕೇಳಿದ.

"ಯಾರೂ ಮಾಡಿಸಿಲ್ಲ, ನಾನೇ ತಂದೆ" ಎಂದರು ಅತ್ತಿಗೆ.

ಅವನು ಗೇಜನ್ನು ಎತ್ತಿಕೊಂಡು ಒರೆಸಿ ಜೇಬಿಗೆ ಹಾಕಿದ. ಹೊರಡುವ ಮುಂಚೆ ತಲೆ ಓರೆ ಮಾಡಿ, ತಿರುಗುತ್ತಿದ್ದ ಚಕ್ರಗಳ ಸದ್ದನ್ನು ಒಂದು ನಿಮಿಷ ಆಲಿಸಿದ. ಅವನ ಮುಖ ಅರಳಿದ್ದನ್ನು ನಾನು ಕಂಡೆ.

"ಊಳಿಡ್ತಿದೆ" ಎಂದು ಹೇಳಿ ಹೊರಟುಹೋದ. ಎಲ್ಲಿ ತಪ್ಪಾಗಿದೆಯೆಂದು ಹೇಳಲಿಲ್ಲ. ಅತ್ತಿಗೆ ಅವನ ಹಿಂದೆ ಹೋಗಲಿಲ್ಲ, ಆ ರಾತ್ರಿ ನಮ್ಮಲ್ಲೇ ಉಳಿದರು. ಊಟ ಮಾಡುವಾಗ, "ಅವರಪ್ಪ ಮೊದಲಿಂದ್ಲೂ ಹೀಗೇನಾ ಇದ್ದಿದ್ದು?" ಎಂದು ಕೇಳಿದರು. "ನನ್ನಪ್ಪನೂ ಅವರೇ" ಎಂದೆ. ಅವರು ಸಾರು ಬಡಿಸಿಕೊಂಡರು.

ಊಳಿಡುತ್ತಿದ್ದದ್ದು ಹೌದು. ನಾನು ಪಾಲಿಟೆಕ್ನಿಕ್ಕಿನ ಪರಿಚಯದವರೊಬ್ಬರಿಂದ ಬೇರೆ ಗೇಜ್ ತಂದು ಎಲ್ಲವನ್ನೂ ಮತ್ತೆ ಬಿಚ್ಚಿದೆ. ಎರಡನೆಯ ಸಲವೂ ಸರಿಬರಲಿಲ್ಲ. ಉಗುರಿನ ಸಂದಿಗೆ ಸಿಂಧೂರ, ಗೇರ್ ಆಯಿಲ್ಲಿನ ಗಂಧಕದಂಥ ನಾತ ಅನ್ನದಲ್ಲೂ. ಆಯುಧಪೂಜೆಗೆ ಬಂದ ನೆರೆಯವರು ಮೇಜಿನ ಮೇಲೆ ಬುರುಡೆಯನ್ನು ನೋಡಿ ಅದಕ್ಕೂ ಕುಂಕುಮ ಹಚ್ಚಿ ಹೋದರು. ಅಂತೂ ರಜೆ ಮುಗಿಯುವ ಮುಂಚೆ ಸದ್ದು ಅಡಗಿತು.

ಮಳೆ ಬಂದ ಮೊದಲ ಭಾನುವಾರ ಹೊಳಲೂರಿನ ರಸ್ತೆಗೆ ಹೋದೆ. ಮೊದಲ ತಿರುವಿನಲ್ಲಿ ಭಯವಿತ್ತು, ಕಾಲು ಹಗುರವಾಗಿ ಇಟ್ಟೆ. ಎರಡನೆಯದರಲ್ಲಿ ಒತ್ತಿದೆ. ಒಳಗಿನ ಚಕ್ರ ಜಾರಲು ಹೊರಟಿದ್ದು ಸೀಟಿನ ಮೂಲಕ ಗೊತ್ತಾಯಿತು, ಅಷ್ಟರಲ್ಲೇ ಹೊರಗಿನದು ಹಿಡಿದು ಕಾರನ್ನು ಮುಂದಕ್ಕೆ ತಳ್ಳಿತು. ಸದ್ದಿಲ್ಲ, ಜಗ್ಗಾಟವಿಲ್ಲ. ಇಷ್ಟು ವರ್ಷ ಎಳೆದಾಡುತ್ತಿದ್ದ ಕಾರು ಹೇಳಿದ ಕಡೆಗೆ ಬಂತು. ಹಿಂತಿರುಗಿ ಬರುವಾಗ ಗದ್ದೆಯ ಏರಿಯೊಂದಕ್ಕೆ ಅಡ್ಡ ಹತ್ತಿಸಿದೆ, ಒಂದು ಚಕ್ರ ನೆಲ ಬಿಟ್ಟು ಎದ್ದಿತು. ಕೊಯಮತ್ತೂರಿನವನು ಹೇಳಿದ ಹಾಗೆಯೇ ಅದು ಗಾಳಿಯಲ್ಲಿ ಸುಮ್ಮನೆ ತಿರುಗಿತು, ಕಾರು ನಿಂತಿತು. ಆ ಹೊತ್ತಿನಲ್ಲಿ ಅಣ್ಣ ಅಲ್ಲಿಲ್ಲದ್ದಕ್ಕೆ ಸಂತೋಷಪಟ್ಟೆ. ಇಬ್ಬರು ಗದ್ದೆ ಕೆಲಸದವರನ್ನು ಕರೆದು ತಳ್ಳಿಸಿಕೊಂಡೆ.

ಕಾರು ಸರಿಹೋದ ಸುದ್ದಿ ಅತ್ತಿಗೆಯ ಮೂಲಕ ಭದ್ರಾವತಿಗೆ ಹೋಯಿತು. ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಇಂಜಿನ್ ಬಿಚ್ಕೊಂಡು ಬರ್ತೀನಿ ಅಂತ ಹೊರಟಿದಾರೆ. ನಾನು ಹೇಳಿದ್ದು ಕೇಳ್ಲಿಲ್ಲ."

ಅವನು ಗೂಡ್ಸ್ ಆಟೋದಲ್ಲಿ ಬಂದ. ಹಿಂದೆ ಚೈನ್ ಪುಲ್ಲಿ, ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು. ನಾನು ಜಗಳವಾಡಲಿಲ್ಲ. ಬಾನೆಟ್ ಎತ್ತಿ ಪಕ್ಕಕ್ಕೆ ನಿಂತೆ. "ತಗೊಂಡು ಹೋಗು. ಬಿಚ್ಚಿದ ಮೇಲೆ ಜಾಗ ತೊಳೆದು ಹೋಗು" ಎಂದೆ.

ಅವನು ಬಗ್ಗಿ ನೋಡಿದ. ಪೈಪೊಂದನ್ನು ಅಲ್ಲಾಡಿಸಿದ. ಕಡ್ಡಿ ಎಳೆದು ಎಣ್ಣೆ ನೋಡಿದ. "ಕಪ್ಪಾಗಿದೆ" ಎಂದ. ಆಮೇಲೆ ನನ್ನ ಮುಖ ನೋಡದೆ, "ಒಂದು ಸಲ ತಿರುಗಿಸ್ಕೊಂಡು ಬಾ, ಕೂತ್ಕೋತೀನಿ" ಎಂದ. ಕೀ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ.

ಆಟೋದವನನ್ನು ಅಲ್ಲೇ ಕಾಯಿಸಿ ಹೊರಟೆವು. ಆಲ್ಕೊಳ ಸರ್ಕಲ್ಲನ್ನು ನಾನು ಅವನಿಗಿಂತ ಜೋರಾಗಿ ಸುತ್ತಿದೆ. ರಸ್ತೆ ಒದ್ದೆಯಾಗಿತ್ತು. ಕಾರು ಗೆರೆ ಎಳೆದ ಹಾಗೆ ಹೊರಬಂತು. ಅವನ ಬಲಗೈ ಡ್ಯಾಶ್‌ಬೋರ್ಡಿನ ಮೇಲಿತ್ತು, ಬೆರಳುಗಳು ಬಿಗಿದಿದ್ದವು. ಸಾಗರ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿಸಿಕೊಂಡು ಬಂದೆ. ಗೇಟಿನ ಮುಂದೆ ಇಳಿದು ಅವನು ಕಾರಿನ ಹಿಂದೆ ಹೋಗಿ, ಮಂಡಿಯೂರಿ ಕೆಳಗೆ ನೋಡಿದ. ಎಲ್ಲಾದರೂ ಎಣ್ಣೆ ಸೋರುತ್ತಿದೆಯೇ ಎಂದು ಬೆರಳಿನಿಂದ ಸವರಿ ನೋಡಿದ. ಬೆರಳು ಒಣಗಿತ್ತು.

"ಮುಂದಿನ ಬ್ರೇಕು ಎಳೀತಿದೆ, ಎಡಕ್ಕೆ" ಎಂದ.

"ಗೊತ್ತು."

"ಇಂಜಿನ್ ಇಲ್ಲೇ ಇರ್ಲಿ. ಯಾರಾದ್ರೂ ಮುಟ್ಟಿದ್ರು ಅಂತ ಗೊತ್ತಾದ್ರೆ ಆವತ್ತೇ ಬಂದು ತಗೊಂಡು ಹೋಗ್ತೀನಿ."

"ಬರೋ ಮುಂಚೆ ಫೋನ್ ಮಾಡು. ಗೇಟಿಗೆ ಬೀಗ ಹಾಕಿರ್ತೀನಿ."

ಆಟೋ ಹತ್ತಿ ಕೂತ. ಚೈನು ದಾರಿಯುದ್ದಕ್ಕೂ ಖಣ ಖಣ ಎನ್ನುತ್ತಾ ಹೋಯಿತು. ಕಾರನ್ನು ಒಳಗೆ ತಂದು ಎಣ್ಣೆಯ ಕಡ್ಡಿಯನ್ನು ನಾನೂ ಎಳೆದು ನೋಡಿದೆ. ನಿಜವಾಗಿಯೂ ಕಪ್ಪಾಗಿತ್ತು. ಅದೇ ಸಂಜೆ ಎಣ್ಣೆ ಬದಲಾಯಿಸಿದೆ. ಅವನು ಹೇಳಿದ್ದಕ್ಕೆ ಬದಲಾಯಿಸಿದೆನೆಂದು ಯಾರಿ­ಗೂ ಹೇಳಬಾರದೆಂದು ಗಂಡನಿಗೆ ತಾಕೀತು ಮಾಡಿದೆ.